ಅಯ್ಯಾರು ‘ಶಿವಾ’ ಅಂದದ್ದು

ಬಸಲಿಂಗಯ್ಯನವರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ಹೇಳುವವರಿಗೇನು, ಹೇಳುತ್ತಾರೆ. ಅವರೇನೋ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಲ್ಲೇ ಮಣ್ಣಾಗಿ ಹೋದರು, ಸಿಟ್ಟು ನನ್ನ ಪಾಲಿಗೆ ಉಳಿಯಿತು. ಆ ದಿನ ಮುಂಬಯಿಯಲ್ಲಿ ಒಂದು ಗಳಿಗೆ ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಾಗಿತ್ತು. ಬಾಯಿ ಮುಚ್ಚಿಕೊಂಡಿರುವುದು ಅವರಿಗೇನು ಹೊಸದೇ? ಹುಟ್ಟಿದಾಗಿನಿಂದ ಉಗ್ಗು. ಅರ್ಧ ಸೇರು ಅಕ್ಕಿ ಕೇಳಲು ನನ್ನ ಅಂಗಡಿ ಮುಂದೆ ನಿಂತು ‘ಅ... ಅ...’ ಎನ್ನುವಷ್ಟರಲ್ಲಿ ನಾನು ಇನ್ನೊಬ್ಬ ಗಿರಾಕಿಗೆ ಎಣ್ಣೆ ಅಳೆದು ಕಳಿಸಿರುತ್ತಿದ್ದೆ. ಅಂಥವರ ಬಾಯಿಂದ ಬರಬಾರದ ಹೊತ್ತಿನಲ್ಲಿ ಒಂದು ಮಾತು ಬೆಣ್ಣೆಯಂತೆ ಜಾರಿ ಬಂತು.

ನಾನು ಚನಬಸಪ್ಪ, ಹಳಿಯಾಳದ ಶೆಟ್ಟರ ಮನೆತನದವನು. ಕಾರ್ಖಾನೆಗಳು ಬಂದು ಜನ ಜಾತ್ರೆಯಂತೆ ನೆರೆಯುವ ಮೊದಲೇ ದಾಂಡೇಲಿಯಲ್ಲಿ ಕಿರಾಣಿ ಅಂಗಡಿ ಹಾಕಿದವನು. ಬಸಲಿಂಗಯ್ಯನವರು ಅಲ್ಲಿನ ಅರಣ್ಯ ಇಲಾಖೆಯ ಕಟ್ಟಿಗೆ ಡಿಪೋದಲ್ಲಿ ಕಾರಕೂನರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಆದರೆ ಜಂಗಮರು ನೋಡಿ, ಕಂಡಾಗ ಕಾಲು ಮುಟ್ಟಬೇಕು, ‘ಅಯ್ಯಾರ’ ಎನ್ನಬೇಕು, ‘ರೀ’ ಹಚ್ಚಬೇಕು. ಹೀಗಾಗಿ ಬೈಯುವಾಗಲೂ ‘ನಿಮಗ ಬುದ್ಧಿ ಐತೇನ್ರಿ, ಅಯ್ಯಾರ?’ ಎಂದೇ ಬೈಯಬೇಕು. ಅಷ್ಟು ಮರ್ಯಾದೆ ಬೆರೆಸಿದ ಮೇಲೆ ಬೈಗುಳದಲ್ಲಿ ಖಾರ ಎಲ್ಲಿ ಉಳಿಯುತ್ತದೆ?

ಅವರ ಊರು ಮುಂಡಗೋಡ ಕಡೆಯ ಪಾಳಾ. ತಂದೆ ಆ ಸುತ್ತಿನ ಹಳ್ಳಿಗಳಿಗೆಲ್ಲ ಅಯ್ಯನವರು. ಕೂಸು ಹುಟ್ಟಿದರೆ ಲಿಂಗ ಕಟ್ಟಲು ಅವರೇ, ಮದುವೆಯಲ್ಲಿ ಮಂತ್ರ ಹೇಳಲು ಅವರೇ, ಯಾರಾದರೂ ಹೋದರೆ ಮುಂದೆ ನಿಂತು ಮಣ್ಣು ಮಾಡಿಸಲೂ ಅವರೇ. ಅಂಥ ಮನೆಯ ಹಿರಿಮಗನಿಗೆ ನಾಲಿಗೆ ಏಳಲೊಲ್ಲದು. ಒಮ್ಮೆ ತಂದೆಗೆ ಜ್ವರ ಬಂದು ಮದುವೆ ಮನೆಗೆ ಮಗನನ್ನು ಕಳಿಸಿದರಂತೆ. ‘ಓಂ ನ... ನ...’ ಎಂದು ನಿಂತವರು ಅಲ್ಲೇ ನಿಂತರು. ಅಕ್ಕಿಕಾಳು ಹಿಡಿದ ಕೈಗಳು ಬೆವರಿದವು, ವಾಲಗದವರು ಒಬ್ಬರ ಮುಖ ಒಬ್ಬರು ನೋಡಿದರು. ಕಡೆಗೆ ಮದುಮಗಳ ಸೋದರಮಾವ, “ಅಯ್ಯಾರು ಮಂತ್ರ ಮುಗಿಸೂದರಾಗ ಇವರಿಗೆ ಮೊಮ್ಮಕ್ಕಳು ಆಗ್ತಾವು, ಹಾಕ್ರಪಾ ಅಕ್ಕಿಕಾಳು” ಎಂದುಬಿಟ್ಟ. ಆ ಮಾತಿಗೆ ಸುತ್ತಿನ ಊರುಗಳೆಲ್ಲ ನಕ್ಕವು. ನಗದೇ ಇದ್ದವರು ತಂದೆ ಮತ್ತು ಮಗ ಮಾತ್ರ. ಮುಂದಿನ ಸುಗ್ಗಿಯೊಳಗೆ ತಂದೆ ಅವರಿವರ ಕೈಕಾಲು ಹಿಡಿದು ಮಗನನ್ನು ಡಿಪೋ ಕೆಲಸಕ್ಕೆ ಹಚ್ಚಿದರು. ಸಾಗವಾನಿ ದಿಮ್ಮಿಗೆ ಮಂತ್ರ ಬೇಕಿಲ್ಲವಲ್ಲ.

ಡಿಪೋದಲ್ಲಿ ಅವರ ಕೆಲಸ ದಿಮ್ಮಿ ಅಳೆಯುವುದು ಮತ್ತು ಶಿಕ್ಕಾ ಹೊಡೆಯುವುದು. ಶಿಕ್ಕಾ ಎಂದರೆ ಮುಖದಲ್ಲಿ ಇಲಾಖೆಯ ಗುರುತು ಕೊರೆದ ಕಬ್ಬಿಣದ ಸುತ್ತಿಗೆ. ಅದರ ಪೆಟ್ಟು ಬಿದ್ದ ಕಟ್ಟಿಗೆ ಮಾತ್ರ ತಪಾಸಣೆಯ ನಾಕಾ ದಾಟಬೇಕು. ಶಿಕ್ಕಾ ಇಲ್ಲದೆ ನಮ್ಮ ಕಾಡಿನಿಂದ ಹಲ್ಲುಕಡ್ಡಿ ಕೂಡ ಹೊರಗೆ ಹೋಗುವಂತಿಲ್ಲ. ಆ ಸುತ್ತಿಗೆ ಬಸಲಿಂಗಯ್ಯನವರ ಸೊಂಟದಲ್ಲೇ ಇರುತ್ತಿತ್ತು.

ಡಿಪೋ ಹಿಂದೆ ಒಂದು ಹೆಂಚಿನ ಕಟ್ಟಡ, ನಮ್ಮ ಕ್ಲಬ್ಬು. ಬಿಳಿ ಸಾಹೇಬರ ಕಾಲದ್ದು. ಅದರ ನಡುವೆ ಹಸಿರು ಬಟ್ಟೆ ಹೊದ್ದ ದೊಡ್ಡ ಮೇಜು, ಸ್ನೂಕರ್ ಆಡುವುದು. ಅದರ ಕಲ್ಲಿನ ಹಾಸು ಹಡಗಿನಲ್ಲಿ ಬಂದು, ಅಳ್ನಾವರದಿಂದ ರೈಲು ಹತ್ತಿ ದಾಂಡೇಲಿ ಸೇರಿದ್ದಂತೆ. ಜೊತೆಗೆ ಬಂದ ವಿಲಾಯತಿ ಕಾಲುಗಳನ್ನು ನಮ್ಮ ಗೆದ್ದಲು ಎರಡೇ ಮಳೆಗಾಲದಲ್ಲಿ ತಿಂದು ತೇಗಿತ್ತು. ಆಮೇಲೆ ಹಾಕಿದ ಎಂಟೂ ಕಾಲು ನಮ್ಮ ಸಾಗವಾನಿಯವು. ಮಳೆಗಾಲದಲ್ಲಿ ಜೊತೆಗೆ ಆಡುವವರು ಸಿಗದೆ ಬೇಸತ್ತ ಒಬ್ಬ ಇಂಗ್ಲಿಷ್ ಅಧಿಕಾರಿ ಒಂದು ದಿನ ಈ ಎಳೆಯ ಕಾರಕೂನನ ಕೈಗೆ ಕೋಲು ಕೊಟ್ಟನಂತೆ. ಅವನಿಗೆ ಕನ್ನಡ ಬಾರದು, ಇವರಿಗೆ ಮಾತೇ ಬಾರದು. ಒಳ್ಳೆಯ ಜೋಡಿ. ಅಧಿಕಾರಿ ತನ್ನ ದೇಶಕ್ಕೆ ಹೋದ, ಆಟ ಇವರ ಕೈಯಲ್ಲಿ ಉಳಿಯಿತು.

ಆಟ ತಿಳಿಯದವರಿಗೆ ಇಷ್ಟು ಹೇಳಿದರೆ ಸಾಕು: ಬಿಳಿ ಚೆಂಡನ್ನು ಕೋಲಿನಿಂದ ಹೊಡೆದು ಉಳಿದ ಚೆಂಡುಗಳನ್ನು ಮೇಜಿನ ಅಂಚಿನ ಪಾಕೆಟ್ಟುಗಳಿಗೆ ಬೀಳಿಸಬೇಕು. ಮೊದಲು ಕೆಂಪು, ನಡುನಡುವೆ ಬಣ್ಣ, ಎಲ್ಲಕ್ಕೂ ಕಡೆಗೆ ಕರಿ ಚೆಂಡು. ಅದಕ್ಕೆ ಏಳು ಅಂಕ. ನಾನು ಹೋಗುತ್ತಿದ್ದುದು ಇಸ್ಪೀಟು ಮತ್ತು ಚಹಾದ ಸಲುವಾಗಿ. ಆದರೂ ಅಯ್ಯನವರು ಮೇಜಿನ ಮೇಲೆ ಬಗ್ಗಿದರೆ ನನ್ನ ಕೈಯ ಎಲೆ ಕೈಯಲ್ಲೇ ಉಳಿಯುತ್ತಿತ್ತು. ಗಿಡ್ಡ ಆಳು, ಎದೆ ಮೇಜಿಗೆ ಹತ್ತಿಸಿ, ತುದಿಗಾಲಲ್ಲಿ ನಿಂತು ಹೊಡೆಯುತ್ತಿದ್ದರು. ಅಲ್ಲಿ ಅವರ ಮಾತು ಮುಗಿಯಲಿ ಎಂದು ಯಾರೂ ತುಟಿ ಕಚ್ಚಿ ಕಾಯಬೇಕಿರಲಿಲ್ಲ. ಊರಲ್ಲಿ ‘ಉಗ್ಗಯ್ಯ’ ಎನ್ನಿಸಿಕೊಂಡವರು ಆ ಕೋಣೆಯೊಳಗೆ ಬಂದರೆ ಬೇರೆಯೇ ಮನುಷ್ಯ. ಬೆನ್ನು ನೆಟ್ಟಗಾಗುತ್ತಿತ್ತು. ಹೆಂಚು ಸೋರಿದರೆ ಮೇಜಿನ ಮೇಲೆ ತಪ್ಪಲೆ ಇಡುವವರು ಅವರೇ, ಬಟ್ಟೆಗೆ ಇಸ್ತ್ರಿ ತಿಕ್ಕುವವರು ಅವರೇ. ಹೆಂಡತಿ ನೀಲಕ್ಕ ಆ ಮೇಜಿಗೆ ಇಟ್ಟ ಹೆಸರು ‘ಹಸರ ಸೀರಿ ಸವತಿ’. “ನನ್ನ ಸೀರಿಗೆ ಒಮ್ಮಿನೂ ಇಸ್ತ್ರಿ ಹಾಕಿಲ್ಲ ನೋಡ್ರಿ ಶೆಟ್ಟರ, ಆಕಿಗೆ ಮಾತ್ರ ದಿನಾ” ಎನ್ನುತ್ತಿದ್ದಳು. ಆ ಬಟ್ಟೆ ಒಮ್ಮೆ ಹರಿದಾಗ ಕಾಣದಂತೆ ಹೊಲಿದು ಕೊಟ್ಟವಳೂ ಅವಳೇ.

ಈಗ ನಮ್ಮ ಕ್ಲಬ್ಬಿನ ಕಾಯ್ದೆ ಹೇಳಬೇಕು. ಎಲ್ಲ ಕೆಟ್ಟದ್ದು ಅದರಿಂದಲೇ. ಆಡುವವರಲ್ಲಿ ಬಹಳ ಮಂದಿ ಲಿಂಗ ಕಟ್ಟಿದವರು. ಬೆಳ್ಳಿಯ ಕರಡಿಗೆಯಲ್ಲಿ ಲಿಂಗ ಇಟ್ಟು ಕೊರಳಿಗೆ ಹಾಕಿಕೊಂಡವನು ಮೇಜಿನ ಮೇಲೆ ಬಗ್ಗಿದರೆ ಅದು ಮುಂದೆ ತೂಗುತ್ತದೆ, ಒಮ್ಮೊಮ್ಮೆ ಚೆಂಡಿಗೆ ತಾಗುತ್ತದೆ. ಕೋಲಿನ ತುದಿ ಬಿಟ್ಟು ಬೇರೇನು ಚೆಂಡಿಗೆ ತಾಗಿದರೂ ಫೌಲು, ಎದುರಿನವನಿಗೆ ಅಂಕ. ಇದು ಆಟದ ಕಾಯ್ದೆ. ದೇವರು ಮುಟ್ಟಿದ್ದಕ್ಕೆ ದಂಡ ಹಾಕುವುದೆಂದರೆ ಏನು? ನಾವು ನಮ್ಮದೇ ಕಾಯ್ದೆ ಮಾಡಿಕೊಂಡೆವು. ಲಿಂಗ ತಾಗಿದರೆ ಫೌಲಿಲ್ಲ. ಆದರೆ ತಾಗಿಸಿದವನು ಮುಚ್ಚಿಡಬಾರದು. ಕರಡಿಗೆ ಎತ್ತಿ ಕಣ್ಣಿಗೆ ಒತ್ತಿಕೊಂಡು ಎಲ್ಲರಿಗೂ ಕೇಳುವಂತೆ ‘ಶಿವಾ’ ಎನ್ನಬೇಕು. ಅವನು ಅಂದ ಮೇಲೆ ಉಳಿದವರೂ ‘ಶಿವಾ’ ಎನ್ನಬೇಕು. ಅವನಿಗಿಂತ ಮೊದಲು ಇನ್ನೊಬ್ಬರು ಅನ್ನುವಂತಿಲ್ಲ, ಅಂದರೆ ಅದು ಚಾಡಿ ಹೇಳಿದಂತೆ. ನಮ್ಮ ಜೊತೆ ಆಡುತ್ತಿದ್ದ ಮುಸಲ್ಮಾನ ಕಂತ್ರಾಟುದಾರರೂ ಬೀಡಿ ತೆಗೆದು ‘ಶಿವಾ’ ಎನ್ನುತ್ತಿದ್ದರು.

ಬಸಲಿಂಗಯ್ಯನವರಿಗೆ ಉಗ್ಗು ಬಾರದ ಮಾತು ಅದೊಂದೇ. ತಂದೆ ಹೇಳಿಸಿದ ಮಂತ್ರವೆಲ್ಲ ಗಂಟಲಲ್ಲಿ ಸಿಕ್ಕಿಕೊಂಡರೂ ಈ ಎರಡಕ್ಷರ ಗಂಟೆ ಬಾರಿಸಿದಂತೆ ಬರುತ್ತಿತ್ತು. ಯಾಕೆ ಎಂದು ಆ ಶಿವನೇ ಬಲ್ಲ.

ಮೈಸೂರು ಕಡೆಯ ಸಾಹೇಬರೊಬ್ಬರು ಡಿಪೋಕ್ಕೆ ಬಂದ ಕಾಲ ಅದು. ರಾಜ್ಯ ಒಂದಾಗಿ ಕೆಲವು ವರ್ಷ ಆಗಿತ್ತು, ಕಾಗದದ ಕಾರ್ಖಾನೆಯ ಹೊಗೆ ಕಾಳಿ ಹೊಳೆಯ ಮೇಲೆ ಏಳಲು ಶುರುವಾಗಿತ್ತು. ಒಳ್ಳೆಯ ಮನುಷ್ಯ. ಅಯ್ಯನವರ ಜೊತೆ ಆಡಿ ಸೋತು, ಸೋತಿದ್ದಕ್ಕೆ ನಗುತ್ತಿದ್ದರು. ಒಂದು ಸಂಜೆ ಅವರು ನಗಲಿಲ್ಲ.

“ನೋಡಿ ಬಸಲಿಂಗಯ್ಯನವರೇ, ಮೇಲಿನಿಂದ ಆರ್ಡರ್ ಬಂದಿದೆ. ಈ ಟೇಬಲ್ ದೊಡ್ಡ ಊರಿನ ಆಫೀಸರ್‌ಗಳ ಕ್ಲಬ್ಬಿಗೆ ಬೇಕಂತೆ. ಕಾಡಿನಲ್ಲಿ ಇದನ್ನ ಯಾರು ಆಡ್ತಾರೆ ಅಂತ ಕೇಳಿದಾರೆ.”

ಅಯ್ಯನವರ ಕೈ ಮೇಜಿನ ಅಂಚಿಗೆ ಹೋಯಿತು. “ಮೇ... ಮೇಜು ಹೋ... ಹೋದ್ರ ನಾ...” ಎಂದರು. ನಾವಿಬ್ಬರೂ ಕಾದೆವು. ಅವರ ಕತ್ತಿನ ನರ ಉಬ್ಬಿತು, ಕಣ್ಣು ಕೆಂಪಾಯಿತು, ಮುಂದಿನ ಮಾತು ಹುಟ್ಟಲಿಲ್ಲ. ಸಾಹೇಬರು ಕಿಟಕಿಯ ಕಡೆ ತಿರುಗಿದರು.

“ತಡೆಯೋಕೆ ನನಗೊಂದು ನೆಪ ಬೇಕು,” ಎಂದರು ಆಮೇಲೆ. “ಮುಂಬಯಿನಲ್ಲಿ ಅಮೆಚೂರ್‌ಗಳ ನ್ಯಾಷನಲ್ ಚಾಂಪಿಯನ್‌ಶಿಪ್ ನಡೆಯೋದಿದೆ. ನಿಮ್ಮ ಹೆಸರು ಸೇರಿಸ್ತೀನಿ. ಚಾಂಪಿಯನ್ ಆಗಿ ಅನ್ನಲ್ಲ. ಒಂದೇ ಒಂದು ಪಂದ್ಯ ಗೆದ್ದು ಬನ್ನಿ. ನ್ಯಾಷನಲ್ಸ್‌ನಲ್ಲಿ ಗೆದ್ದವನು ಇಲ್ಲಿದಾನೆ, ಅವನ ಟೇಬಲ್ ಕಿತ್ತುಕೊಳ್ಳೋದು ಹೇಗೆ ಅಂತ ಬರೀತೀನಿ. ಅಷ್ಟು ಸಾಕು.”

“ಅಮೆಚೂರ್ ಅಂದ್ರ ಏನ್ರಿ ಸಾಹೇಬ್ರ?” ಎಂದು ಕೇಳಿದೆ.

“ಹೊಟ್ಟೆಪಾಡಿಗಲ್ಲದೆ ಪ್ರೀತಿಗೆ ಆಡೋರು.”

“ಹಂಗಾದ್ರ ನಮ್ಮ ಅಯ್ಯಾರು ಅಸಲಿ ಅಮೆಚೂರ್ ಬಿಡ್ರಿ. ಈ ಆಟದಿಂದ ಮನ್ಯಾಗ ಬೈಗುಳ ಬಿಟ್ರ ಇವರಿಗೆ ಮತ್ತೇನೂ ಸಿಕ್ಕಿಲ್ಲ.”

ಒಂದು ಪಂದ್ಯ ಗೆದ್ದರೆ ಮೇಜು ಉಳಿಯುತ್ತದೆ, ಸೋತರೆ ಹೋಗುತ್ತದೆ. ಅಯ್ಯನವರಿಗೆ ಅದರ ಹೊರತು ಬೇರೇನೂ ಕೇಳಿಸುತ್ತಿರಲಿಲ್ಲ ಎಂದು ಕಾಣುತ್ತದೆ.

ಮುಂಬಯಿಯಲ್ಲಿ ಬರೀ ಅಂಗಿ ಹಾಕಿ ಆಡುವಂತಿಲ್ಲ, ಮೇಲೆ ಕೈಯಿಲ್ಲದ ವೇಸ್ಟ್‌ಕೋಟು ಬೇಕು ಎಂದರು. ಸಾಹೇಬರು ತಮ್ಮದನ್ನೇ ಕೊಟ್ಟರು. ಸಾಹೇಬರು ಆನೆಯಂಥ ಆಳು. ನೀಲಕ್ಕ ಎರಡೂ ಪಕ್ಕ ಹಿಡಿದು ಹೊಲಿದರೂ ಅದು ಅಯ್ಯನವರ ಮೈಮೇಲೆ ಗೂಟಕ್ಕೆ ತೂಗುಹಾಕಿದ ಹಾಗೆಯೇ ಕಂಡಿತು. ಎದೆಯ ಹತ್ತಿರ ಒಂದು ಬೊಗಸೆ ಜಾಗ ಖಾಲಿ.

ನನಗೆ ಆಗಲೇ ಲಿಂಗದ ಚಿಂತೆ ಹತ್ತಿತು. “ಅಯ್ಯಾರ, ಅಲ್ಲಿ ನಮ್ಮ ಕಾಯ್ದೆ ನಡಿಯೂದಿಲ್ರಿ. ಆಡೂ ಮಟ ಲಿಂಗ ತಗದು ನನ್ನ ಕೈಯಾಗ ಕೊಡ್ರಿ. ನಾನೂ ಲಿಂಗವಂತ ಅದೇನಿ, ಜ್ವಾಕಿಯಿಂದ ಹಿಡ್ಕೊಂಡು ಕೂಡ್ತೇನಿ,” ಎಂದೆ. ಅವರು ನನ್ನನ್ನು ನೋಡಿದ ನೋಟ! ತಲೆ ತೆಗೆದು ಕೈಯಲ್ಲಿ ಕೊಡಿರಿ ಎಂದವನನ್ನೂ ಹಾಗೆ ನೋಡುತ್ತಿರಲಿಲ್ಲ. “ಲಿಂ... ಲಿಂಗ ಬಿಟ್ಟ ಮ್ಯಾಲೆ ಅಂ... ಅಂಗ ಯಾತಕ್ರಿ ಶೆಟ್ಟರ,” ಎಂದರು. ತೋಳಿಗೆ ಕಟ್ಟಿಕೊಳ್ಳಿರಿ, ಅದಕ್ಕೆ ಶಾಸ್ತ್ರದ ಅಡ್ಡಿ ಇಲ್ಲವಲ್ಲ ಎಂದೆ. ಪಾಪ, ಅದನ್ನೂ ಮಾಡಿ ನೋಡಿದರು. ರಟ್ಟೆ ಬಿಗಿದು ಕೋಲು ನಡುಗತೊಡಗಿತು. ಕಡೆಗೆ ನೀಲಕ್ಕ ಬನಿಯನ್ನಿನ ಒಳಗೆ ಒಂದು ಚೀಲ ಹೊಲಿದು, ಕರಡಿಗೆ ಅದರಲ್ಲಿ ಇಳಿಸಿ, ಮೇಲೆ ಗುಂಡಿ ಹಚ್ಚಿದಳು. ಎಳೆದು ನೋಡಿದೆ, ಗಟ್ಟಿಯಿತ್ತು.

ಅವರ ಜೊತೆ ನಾನೂ ಹೊರಟೆ. ಮಾತು ಬಾರದ ಮನುಷ್ಯನನ್ನು ಒಬ್ಬನನ್ನೇ ಮುಂಬಯಿಗೆ ಕಳಿಸುವುದು ಹೇಗೆ? ನನಗೆ ಮರಾಠಿ ಚೆನ್ನಾಗಿ ಬರುತ್ತದೆ, ಹಿಂದಿಯೂ ಅಂಗಡಿಗೆ ಸಾಕಾಗುವಷ್ಟು. ನೀಲಕ್ಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಗಾಡಿ ಬಿಡುವಾಗ ಅವಳು ಹೇಳಿದ್ದು ಇಷ್ಟೇ: “ಸವತಿನ್ನ ಉಳಿಸ್ಕೊಂಡ ಬರ್ರಿ.” ಪುಣೆಯಲ್ಲಿ ಗಾಡಿ ಬದಲಿಸಿ ಮುಂಬಯಿ ತಲುಪುವವರೆಗೂ ಅಯ್ಯನವರು ಕಿಟಕಿಯ ಹೊರಗೆ ನೋಡುತ್ತ, ಬೆರಳಲ್ಲಿ ತೊಡೆಯ ಮೇಲೆ ಏನೋ ಗೆರೆ ಎಳೆಯುತ್ತಿದ್ದರು.

ಪಂದ್ಯ ನಡೆಯುವ ದೊಡ್ಡ ಹಾಲ್‌ನಲ್ಲಿ ಗೋಡೆಗೆ ಕಟ್ಟಿಗೆಯ ಹಲಗೆ ಹೊದಿಸಿದ್ದರು. ಅಯ್ಯನವರು ಮೊದಲು ಮಾಡಿದ್ದು ಅದನ್ನು ಮುಟ್ಟಿ ನೋಡಿದ್ದು. “ನ... ನಮ್ಮ ಕಡೀದ,” ಎಂದರು. ಆ ಹಲಗೆ ನೋಡಿ ಅವರಿಗೆ ಸ್ವಲ್ಪ ಧೈರ್ಯ ಬಂದಂತೆ ಕಂಡಿತು. ಎದುರಾಳಿ ಕಲ್ಕತ್ತೆ ಕಡೆಯ ಯುವಕ, ಎಣ್ಣೆ ಹಚ್ಚಿ ಬಾಚಿದ ಕೂದಲು, ಮೈಗೆ ಅಂಟಿಸಿದಂಥ ವೇಸ್ಟ್‌ಕೋಟು. ರೆಫ್ರಿ ಒಬ್ಬ ಮುದುಕ ಪಾರ್ಸಿ, ಬಿಳಿ ಕೈಗವಸು ಹಾಕಿಕೊಂಡು ಚೆಂಡು ಮುಟ್ಟುತ್ತಿದ್ದ. ಐದು ಆಟದಲ್ಲಿ ಮೂರು ಗೆದ್ದವರು ಗೆದ್ದ ಹಾಗೆ.

ಮೊದಲ ಆಟ ಅಯ್ಯನವರು ಸೋತರು. ದೀಪದ ಬೆಳಕು ಹೊಸದು, ಬಟ್ಟೆ ಹೊಸದು. ನಮ್ಮ ಮೇಜಿನ ಮೇಲೆ ಕುಂಟುತ್ತ ಓಡುವ ಚೆಂಡು ಇಲ್ಲಿ ಹಾವಿನಂತೆ ಹರಿಯುತ್ತಿತ್ತು. ಎರಡನೆಯದು ಗೆದ್ದರು. ಮೂರನೆಯದು ಹೋಯಿತು. ನಾಲ್ಕನೆಯದರಲ್ಲಿ ಅವರು ಒಂದಾದ ಮೇಲೆ ಒಂದು ಬೀಳಿಸತೊಡಗಿದಾಗ ನನ್ನ ಪಕ್ಕ ಕೂತಿದ್ದ ಸೂಟಿನ ಗೃಹಸ್ಥ ಮರಾಠಿಯಲ್ಲಿ, “ಯಾರಿವರು? ಎಲ್ಲಿಯವರು?” ಎಂದು ಕೇಳಿದ. “ದಾಂಡೇಲಿಯವರು, ನಮ್ಮ ಅಯ್ಯನವರು,” ಎಂದೆ ಎದೆ ಉಬ್ಬಿಸಿ. ಅಂಥ ಹೆಮ್ಮೆ ನನ್ನ ಮಗನ ಮದುವೆಯಲ್ಲೂ ನನಗೆ ಆಗಿಲ್ಲ.

ನಾಲ್ಕನೆಯದು ಅವರಿಗೇ ಬಂತು. ಐದನೆಯ ಆಟ ಬರೀ ಕರಿ ಚೆಂಡಿಗೆ ಬಂದು ನಿಂತಿತು. ಅಯ್ಯನವರು ನಾಲ್ಕು ಅಂಕ ಹಿಂದೆ. ಕರಿ ಬಿದ್ದರೆ ಏಳು, ಅಂದರೆ ಅವರೇ ಗೆದ್ದರು. ಸರದಿ ಅವರದು. ಬಿಳಿ ಚೆಂಡು ಮೇಜಿನ ನಡುವೆ ದೂರ ಇತ್ತು, ಕರಿ ಆಚೆ ಮೂಲೆಯ ಹತ್ತಿರ. ಗಿಡ್ಡ ಆಳಿಗೆ ಅದು ಸುಲಭದ ಜಾಗವಲ್ಲ. ತುದಿಗಾಲಲ್ಲಿ ನಿಂತು, ಇಡೀ ಎದೆ ಮೇಜಿನ ಅಂಚಿನ ಮೇಲೆ ಹಾಕಿ ಚಾಚಿದರು. ನೀಲಕ್ಕ ಹಚ್ಚಿದ ಗುಂಡಿ ಅಂಗಿಯೊಳಗೇ ಮರದ ಅಂಚಿಗೆ ಉಜ್ಜಿ ಕಿತ್ತುಬಂದಿರಬೇಕು. ಅಂಗಿಯ ಕೊರಳಿನಿಂದ ಜಾರಿ, ಸಾಹೇಬರ ಆ ಹಾಳು ವೇಸ್ಟ್‌ಕೋಟಿನ ಖಾಲಿ ಜಾಗದಿಂದ ಬೆಳ್ಳಿ ಕರಡಿಗೆ ಹೊರಗೆ ಇಳಿದದ್ದು ನನಗೆ ಕಂಡಿತು. ಕೂಗಲೇ? ಆಟದ ನಡುವೆ ಕೂಗುವಂತಿಲ್ಲ.

ಹೊಡೆದರು. ಬಿಳಿ ಹೋಗಿ ಕರಿಗೆ ಬಡಿಯಿತು. ಕರಿ ನೆಟ್ಟಗೆ ಮೂಲೆಗೆ ಓಡಿ ಪಾಕೆಟ್ಟಿನೊಳಗೆ ಬಿತ್ತು. ಬಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಜನ ಚಪ್ಪಾಳೆ ತಟ್ಟಿದರು. ಕಲ್ಕತ್ತೆಯವನು ಎದ್ದು ಕೈ ಚಾಚಿದ. ಎಲ್ಲರ ಕಣ್ಣೂ ಆ ಮೂಲೆಯ ಮೇಲೆ. ರೆಫ್ರಿಯ ಕಣ್ಣೂ ಅಲ್ಲೇ. ಬಿಳಿ ಚೆಂಡು ಆಚೆ ಅಂಚಿಗೆ ಬಡಿದು ಮೆಲ್ಲಗೆ ತಿರುಗಿ ಬರುತ್ತಿತ್ತು. ಇನ್ನೂ ಬಗ್ಗಿಯೇ ಇದ್ದ ಅಯ್ಯನವರ ಎದೆಯ ಕೆಳಗೆ ಬಂದು, ತೂಗುತ್ತಿದ್ದ ಕರಡಿಗೆಗೆ ಒಂದಿಷ್ಟು ತಾಗಿ ನಿಂತಿತು. ತಾಗಿತು ಎಂದರೆ ಎಷ್ಟು? ಕೂಸು ತಾಯಿಯ ಬಳೆ ಮುಟ್ಟುವಷ್ಟು. ಆ ಹಾಲ್‌ನಲ್ಲಿ ಅದನ್ನು ಕಂಡವನು ನಾನೊಬ್ಬನೇ.

ಅಯ್ಯನವರು ನೆಟ್ಟಗಾದರು, ಕರಡಿಗೆ ಎತ್ತಿ ಕಣ್ಣಿಗೆ ಒತ್ತಿಕೊಂಡರು. “ಶಿವಾ!”

ಗಂಟೆಯಂಥ ದನಿ. ಚಪ್ಪಾಳೆ ನಿಂತಿತು. ಮತ್ತು ಅವರು, ದೇವರೇ, ಸುತ್ತ ನೋಡಿದರು, ಉಳಿದವರೂ ಅನ್ನಲಿ ಎಂದು ಕಾಯುವವರಂತೆ. ದಾಂಡೇಲಿಯಲ್ಲಿ ಇಷ್ಟು ಹೊತ್ತಿಗೆ ಎಲ್ಲರೂ ಅಂದಿರುತ್ತಿದ್ದೆವು. ಇಲ್ಲಿ ಯಾರೂ ಅನ್ನಲಿಲ್ಲ. ಆಗ ಅವರ ಮುಖದ ಬಣ್ಣ ಇಳಿಯಿತು.

ರೆಫ್ರಿ ಹತ್ತಿರ ಬಂದ. “ಏನಾದರೂ ಆಯಿತೇ?” ಎಂದು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಹಿಂದಿಯಲ್ಲಿ ಕೇಳಿದ. ಅಯ್ಯನವರು ಬಾಯಿ ತೆರೆದರು. “ಲಿಂ... ಲಿಂ...” ಅಷ್ಟೇ. ರೆಫ್ರಿ ಸುತ್ತ ನೋಡಿ, ಇವರ ಭಾಷೆ ಬಲ್ಲವರು ಯಾರಾದರೂ ಇದ್ದೀರಾ ಎಂದ. ನಾನು ಎದ್ದು ನಿಂತೆ. ಮರಾಠಿಯಲ್ಲಿ ಹೇಳಿದೆ: “ಏನಿಲ್ಲ ಸಾಹೇಬರೇ, ದೇವರ ಹೆಸರು ತೆಗೆದುಕೊಂಡರು. ಗೆದ್ದದ್ದಕ್ಕೆ.” ಪಾರ್ಸಿ ಮುಗುಳ್ನಕ್ಕ. ಯಾರಾದರೂ ಇದನ್ನು ಸುಳ್ಳು ಎನ್ನಲಿ ನೋಡೋಣ, ದೇವರ ಹೆಸರು ತೆಗೆದುಕೊಂಡದ್ದು ಹೌದೋ ಅಲ್ಲವೋ? ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ.

ಅಯ್ಯನವರಿಗೆ ಮಾತು ಬಾರದು, ಮರಾಠಿ ತಿಳಿಯುತ್ತದೆ. ನನ್ನ ಕಡೆ ಒಮ್ಮೆ ನೋಡಿದರು. ‘ಬ್ಯಾಡ್ರಿ’ ಎಂದು ಕಣ್ಣಲ್ಲೇ ಕೈಮುಗಿದೆ. ಅವರು ಮೇಜಿನ ಮೇಲೆ ಬಗ್ಗಿ, ಕರಡಿಗೆಯನ್ನು ಮೊದಲಿನಂತೆ ಇಳಿಬಿಟ್ಟು, ಬಿಳಿ ಚೆಂಡಿಗೆ ತಾಗಿಸಿ ತೋರಿಸಿದರು. ಆಮೇಲೆ ಒಂದು ಬೆರಳು ಎತ್ತಿದರು. ಒಮ್ಮೆ ತಾಗಿತು ಎಂದು.

ಅದಕ್ಕೆ ಯಾರ ಭಾಷಾಂತರವೂ ಬೇಕಿರಲಿಲ್ಲ. ಚೆಂಡು ಇನ್ನೂ ಉರುಳುತ್ತಿದ್ದಾಗ ತಾಗಿದ್ದು, ಆದ್ದರಿಂದ ಫೌಲು. ಕರಿ ಬಿದ್ದದ್ದು ಲೆಕ್ಕಕ್ಕಿಲ್ಲ, ಎದುರಿನವನಿಗೆ ಏಳು ಅಂಕ, ಆಟ ಮುಗಿಯಿತು. ಮುದುಕ ಪಾರ್ಸಿ ಅದನ್ನು ಹೇಳುವಾಗ ಅಯ್ಯನವರ ಭುಜದ ಮೇಲೆ ಕೈ ಇಟ್ಟಿದ್ದ. ಕಲ್ಕತ್ತೆಯವನು ಚಾಚಿದ ಕೈ ಹಿಂದೆ ತೆಗೆಯಬೇಕೋ ಬೇಡವೋ ತಿಳಿಯದೆ ನಿಂತಿದ್ದ. ಜನ ಎದ್ದು ನಿಂತು ಮೊದಲಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ತಗೊಂಡು ಏನು ಮಾಡುವುದು, ಉಪ್ಪಿನಕಾಯಿ ಹಾಕುವುದೇ?

ಹೊರಗೆ ಬಂದದ್ದೇ ತಡ, ರಸ್ತೆಯ ಮೇಲೆ ನಾನು ಕೂಗಾಡಿದೆ. “ಏನ್ ಮಾಡಿದ್ರಿ ಅಯ್ಯಾರ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲಲ್ರಿ! ಯಾರೂ ನೋಡಿರಲಿಲ್ಲ. ನೋಡಿದಾಂವ ಅಂದ್ರ ಆ ದೇವರೊಬ್ಬ. ಆಂವೇನು ಬಂದು ರೆಫ್ರಿ ಮುಂದ ಸಾಕ್ಷಿ ಹೇಳ್ತಿದ್ನೇನ್ರಿ? ಒಂದ ಒಂದು ಮಾತು ನುಂಗಾಕ ಆಗಲಿಲ್ಲೇನ್ರಿ ನಿಮಗ?”

ಅವರು ಟ್ರಾಮಿನ ತಂತಿಗಳನ್ನು ನೋಡುತ್ತಿದ್ದರು. “ನಾ... ನಾ ಅನ್ನಲಿಲ್ರಿ ಶೆಟ್ಟರ. ತಾ... ತಾನ ಬಂತು,” ಎಂದರು.

ಹುಟ್ಟಿದಾಗಿನಿಂದ ಕರೆದರೂ ಬಾರದ ಮಾತು, ಕರೆಯದೆ ಬಂದು ಮನೆ ಹಾಳು ಮಾಡಿ ಹೋಯಿತು. ನನ್ನ ಸಿಟ್ಟು ಯಾರ ಮೇಲೆ ಹಾಕಬೇಕು ಎಂದು ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಎದುರಿಗೆ ಸಿಕ್ಕವರು ಅವರು, ಅದಕ್ಕೆ ಅವರ ಮೇಲೆ ಹಾಕಿದ್ದೇನೆ.

ಸಾಹೇಬರು ಎಲ್ಲ ಕೇಳಿ ತಲೆಗೆ ಕೈ ಹಚ್ಚಿದರು. ಆದರೂ ಮೇಲಿನವರಿಗೆ ಬರೆದರು, ಹೀಗೆ ಹೀಗೆ, ಗೆದ್ದಿದ್ದರು, ತಾವಾಗಿಯೇ ಒಪ್ಪಿಕೊಂಡು ಸೋತರು, ಇಂಥವರ ಊರಿನಿಂದ ಮೇಜು ಒಯ್ಯುವುದು ನ್ಯಾಯವಲ್ಲ ಎಂದು. ಸೋತವರು ಸೋತವರೇ ಎಂದು ಉತ್ತರ ಬಂತು. “ನನ್ನ ಕೈಯಲ್ಲಿ ಇನ್ನೇನೂ ಇಲ್ಲ ಶೆಟ್ಟರೇ,” ಎಂದು ಅವರು ನನ್ನ ಹತ್ತಿರ ಹೇಳಿಕೊಂಡರು. ಅಯ್ಯನವರ ಹತ್ತಿರ ಹೇಳಲು ಅವರಿಗೆ ಮುಖ ಇರಲಿಲ್ಲ. ನೀಲಕ್ಕ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಆ ಬನಿಯನ್ನು ಮಡಿಲಲ್ಲಿ ಇಟ್ಟುಕೊಂಡು, “ಶಿವಾ ಅಂದ್ರ ಎಲ್ಲಾರದೂ ಛಲೋ ಆಕ್ಕೈತಿ ಅಂತಾರ. ನಮ್ಮದ ಹಿಂಗ್ಯಾಕಾತ್ರಿ ಶೆಟ್ಟರ?” ಎಂದು ಕೇಳಿದಳು. ನಾನು ಎದ್ದು ಅಂಗಡಿಗೆ ಬಂದೆ.

ಮಳೆಗಾಲ ಹಿಡಿಯುವ ಮೊದಲು ಲಾರಿ ಬಂತು. ಮೇಜು ಬಿಚ್ಚಲು ಬಂದವರು ಡಿಪೋದ ಹಮಾಲರೇ, ದಿನಾ ಅಯ್ಯನವರ ಜೊತೆ ದಿಮ್ಮಿ ಉರುಳಿಸುವವರು. ಅವರ ಮುಖ್ಯಸ್ಥ ಥಾವರೆಪ್ಪ, ಮುಂಡಗೋಡ ಕಡೆಯ ತಾಂಡಾದವನು. ಆ ದಿನ ಅವನ ಆಳುಗಳು ಭಾರ ಎತ್ತುವಾಗ ‘ಐಸಾ’ ಎನ್ನಲಿಲ್ಲ. ಹಸಿರು ಬಟ್ಟೆ ಸುತ್ತಿದರು. ಅದರಲ್ಲಿ ನೀಲಕ್ಕನ ಹೊಲಿಗೆ ಮೇಲೆ ಬಂದಿತ್ತು. ಕಲ್ಲಿನ ಹಾಸುಗಳನ್ನು ಒಂದೊಂದಾಗಿ ಹೆಣ ಹೊರುವಂತೆ ಹೊತ್ತು ಲಾರಿಗೆ ಏರಿಸಿದರು. ಕ್ಲಬ್ಬಿನವರೆಲ್ಲ ಗೋಡೆಗೆ ಒರಗಿ ನಿಂತಿದ್ದೆವು. ನೀಲಕ್ಕ ಎಂದೂ ಒಳಗೆ ಕಾಲಿಡದವಳು ಬಂದು ಬಾಗಿಲಲ್ಲಿ ನಿಂತಿದ್ದಳು. ಕಡೆಗೆ ಎಂಟು ಕಾಲು ನೆಲದ ಮೇಲೆ ಉಳಿದವು.

ಥಾವರೆಪ್ಪ ನೆಲ ನೋಡುತ್ತ, “ಅಯ್ಯಾರ, ಶಿಕ್ಕಾ ಹೊಡೀಬೇಕಲ್ರಿ,” ಎಂದ. “ನಮ್ಮ ಸಾಗವಾನಿ ಐತಿ. ಇಲ್ಲಂದ್ರ ನಾಕಾದಾಗ ಹಿಡೀತಾರ.”

ಹೌದಲ್ಲ. ಶಿಕ್ಕಾ ಇಲ್ಲದೆ ಕಟ್ಟಿಗೆ ಹೋಗುವಂತಿಲ್ಲ, ಶಿಕ್ಕಾ ಹೊಡೆಯುವವರು ಬೇರೆ ಯಾರೂ ಇಲ್ಲ. “ನಾಕಾದಾಗ ಹಿಡದ್ರ ಹಿಡೀಲಿ, ಅಲ್ಲೇ ಬಿದ್ದು ಕೊಳೀಲಿ, ಹೊಡೀಬ್ಯಾಡ್ರಿ ಅಯ್ಯಾರ,” ಎಂದು ನಾನು ಅಂದೆ. ಅಯ್ಯನವರು ಸೊಂಟದಿಂದ ಸುತ್ತಿಗೆ ತೆಗೆದರು. ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಕಾಲನ್ನು ಹತ್ತಿರ ಎಳೆದುಕೊಂಡು, ದಿಮ್ಮಿಯ ಬುಡಕ್ಕೆ ಹೊಡೆದಂತೆಯೇ ಒಂದೊಂದು ಪೆಟ್ಟು ಹಾಕಿದರು. ಗುರುತು ಎಲ್ಲದರಲ್ಲೂ ನಿಚ್ಚಳವಾಗಿ ಬಿತ್ತು.

ಕಡೆಯ ಕಾಲಿಗೆ ಬಗ್ಗಿದಾಗ ಅಂಗಿಯೊಳಗಿಂದ ಕರಡಿಗೆ ಜಾರಿ ಮರಕ್ಕೆ ತಾಗಿತು. ಖಾಲಿ ಕೋಣೆ ಅದು, ಸಣ್ಣ ಸದ್ದೂ ಎಲ್ಲರಿಗೂ ಕೇಳಿತು. ರೂಢಿ ನೋಡಿ, ನಾವೆಲ್ಲ ತಲೆ ಎತ್ತಿದೆವು. ಕಂತ್ರಾಟುದಾರರು ಬೀಡಿಯನ್ನು ಬಾಯಿಂದ ತೆಗೆದರು. ಅಯ್ಯನವರ ಕೈಯೂ ರೂಢಿಯಂತೆ ಕರಡಿಗೆ ಎತ್ತಿತು, ಕಣ್ಣಿಗೆ ಒತ್ತಿತು. ಬಾಯಿ ತೆರೆಯಿತು.

“ಶಿ...”

ಕತ್ತಿನ ನರ ಉಬ್ಬಿತು.

“ಶಿ... ಶಿ...”

ಥಾವರೆಪ್ಪ ಹಗ್ಗ ಹಿಡಿದ ಕೈ ಹಾಗೇ ಬಿಟ್ಟು ನಿಂತ. ನೀಲಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಹೊರಗೆ ಲಾರಿಯವನು ಹಾರ್ನ್ ಹೊಡೆದ. ಅಯ್ಯನವರ ಕಣ್ಣಲ್ಲಿ ನೀರು ಬಂತು, ಮಾತು ಬರಲಿಲ್ಲ. ಆ ಮಾತು ನಮ್ಮೆಲ್ಲರ ನಾಲಿಗೆಯ ತುದಿಯಲ್ಲಿ ಬಂದು ನಿಂತಿತ್ತು. ನಾವಾದರೂ ಅಂದುಬಿಡಬಹುದಿತ್ತು. ಆದರೆ ತಾಗಿಸಿದವರು ಮೊದಲು ಅನ್ನಬೇಕು, ಅದು ನಮ್ಮ ಕಾಯ್ದೆ. ಅದಕ್ಕೆ ಕಾದೆವು. ಕಾಲುಗಳನ್ನು ಹೊತ್ತೊಯ್ದು ಲಾರಿ ಹೋದ ಮೇಲೂ ಕಾಯುತ್ತ ನಿಂತಿದ್ದೆವು.